ಕೋಳಿಯನ್ನು ಕೇಳಿ ಮಸಾಲೆ ಅರೆದವರು

ಇಲಿಯ ರಕ್ತದಲ್ಲಿ ಕೊಲೆಸ್ಟ್ರಾಲ್ ಏರಿಸುವುದು ಹೇಳಿದಷ್ಟು ಸುಲಭವಲ್ಲ. ಫಾರ್ಮಸಿ ಕಾಲೇಜಿನಲ್ಲಿ ಫಾರ್ಮಕಾಲಜಿ ಓದಿದ ಯಾರನ್ನಾದರೂ ಕೇಳಿ ನೋಡಿ. ಮೂರು ಪಾಲು ವನಸ್ಪತಿಗೆ ಒಂದು ಪಾಲು ಕೊಬ್ಬರಿ ಎಣ್ಣೆ ಸೇರಿಸಿ, ಬೆಚ್ಚಗೆ ಕರಗಿಸಿ, ತುದಿಯಲ್ಲಿ ಪುಟ್ಟ ಗುಂಡು ಇರುವ ಬಾಗಿದ ಸೂಜಿಯ ಮೂಲಕ ಪ್ರತಿದಿನ ಇಲಿಯ ಹೊಟ್ಟೆಗೆ ಇಳಿಸಬೇಕು. ಕುತ್ತಿಗೆಯ ಹಿಂದಿನ ಸಡಿಲ ಚರ್ಮವನ್ನು ಎಡಗೈಯ ಹೆಬ್ಬೆರಳು, ತೋರುಬೆರಳುಗಳ ನಡುವೆ ಒಟ್ಟುಗೂಡಿಸಿ ಹಿಡಿದರೆ ತಲೆ ಅಲುಗುವುದಿಲ್ಲ. ಸೂಜಿ ಬಾಯಿಯ ಪಕ್ಕದಿಂದ ಒಳಸೇರಿ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಎಲ್ಲಾದರೂ ತಡೆ ಸಿಕ್ಕಿತೆಂದರೆ ಅದು ಶ್ವಾಸನಾಳದ ಬಾಗಿಲು, ಒತ್ತಿದರೆ ಇಲಿ ಸತ್ತಿತೆಂದೇ ಲೆಕ್ಕ. ಹಾಗೆಂದು ತಡಮಾಡುತ್ತ ಕೂತರೆ ವನಸ್ಪತಿ ಸೂಜಿಯೊಳಗೇ ಹೆಪ್ಪುಗಟ್ಟುತ್ತದೆ. ಪಂಜರಕ್ಕೆ ಹಾಸಿದ ಭತ್ತದ ಹೊಟ್ಟಿನಿಂದ ಏಳುವ ಮೂತ್ರದ ಘಾಟು, ಕೈಗವಸಿಗೆ ಅಂಟಿದ ಜಿಡ್ಡು. ಇಷ್ಟು ಮಾಡಿಯೂ ಎಷ್ಟೋ ಇಲಿಗಳ ಅಂಕಿ ಜಗ್ಗುವುದಿಲ್ಲ. ಆಗ ಮೇವಿಗೆ ಕೊಲೆಸ್ಟ್ರಾಲ್ ಪುಡಿಯನ್ನೇ ಬೆರೆಸುತ್ತಾರೆ, ಜೊತೆಗೆ ಪಿತ್ತರಸದ ಕೋಲಿಕ್ ಆಮ್ಲ. ಅದೂ ಸಾಲದಿದ್ದರೆ ಥೈರಾಯ್ಡ್ ಗ್ರಂಥಿಯನ್ನು ಮಂದಗೊಳಿಸುವ ಔಷಧ.

ಹೀಗೆ ಬಲವಂತದಿಂದ ಅಂಕಿ ಏರಿಸಿದ ಮೇಲೆ ಒಂದು ಗುಂಪಿನ ಇಲಿಗಳಿಗೆ ಯಾವುದೋ ಗಿಡದ ಎಲೆಯ ಸಾರ, ಇನ್ನೊಂದು ಗುಂಪಿಗೆ ಹೋಲಿಕೆಗಾಗಿ ಕೊಲೆಸ್ಟ್ರಾಲ್ ಇಳಿಸುವ ಔಷಧ ಅಟೊರ್ವಾಸ್ಟಾಟಿನ್. ಸಾರ ಕೊಟ್ಟ ಗುಂಪಿನಲ್ಲಿ ಕೊಲೆಸ್ಟ್ರಾಲ್ ಇಳಿಯುತ್ತದೆ. ಗ್ರಾಫಿನ ಕಂಬಗಳ ತಲೆಯ ಮೇಲೆ, ವ್ಯತ್ಯಾಸ ಆಕಸ್ಮಿಕವಲ್ಲವೆಂದು ಸೂಚಿಸುವ ನಕ್ಷತ್ರದ ಗುರುತುಗಳು ಬೀಳುತ್ತವೆ, ಪ್ರಬಂಧಕ್ಕೆ ರೆಕ್ಸಿನ್ ಹೊದಿಕೆ ಬಿದ್ದು ಗ್ರಂಥಾಲಯದ ಕಪಾಟು ಸೇರುತ್ತದೆ. ನಾನು ಓದಿದ ಕಾಲೇಜಿನಲ್ಲಿ ಅಂಥ ಪ್ರಬಂಧಗಳಿಗೇ ಒಂದು ಕಪಾಟು ಮೀಸಲಾಗಿತ್ತು. ಅವುಗಳಲ್ಲಿ ಒಂದರಿಂದಲೂ ಮಾತ್ರೆ ಹುಟ್ಟಲಿಲ್ಲ. ವಿದ್ಯಾರ್ಥಿಗಳನ್ನು ದೂರಿ ಪ್ರಯೋಜನವಿಲ್ಲ, ಕೈ ಪಳಗುವುದೇ ಅಲ್ಲಿ. ನನ್ನ ಬೇಸರ ಬೇರೆ. ಇಲಿಯಲ್ಲಿ ಕೊಲೆಸ್ಟ್ರಾಲ್ ಏರಿಸಲು ಇಷ್ಟೊಂದು ಒದ್ದಾಡಬೇಕಾದರೆ, ಆ ಪ್ರಾಣಿಯ ಮೈ ನಮ್ಮ ಮೈಯಂತಿಲ್ಲ ಎಂಬ ಸಂಶಯ ಯಾರಿಗೂ ಬರಬಾರದೇ? ಹೋಲಿಕೆಗೆಂದು ಪಕ್ಕದಲ್ಲಿಟ್ಟ ಆ ಸ್ಟಾಟಿನ್ ವರ್ಗದ ಮೊತ್ತಮೊದಲ ಔಷಧವನ್ನು ಇದೇ ಇಲಿ ಒಮ್ಮೆ ಕೆಲಸಕ್ಕೆ ಬಾರದೆಂದು ತಿರಸ್ಕರಿಸಿತ್ತು. ಅದನ್ನು ಯಾವ ಮೇಷ್ಟರೂ ನಮಗೆ ಹೇಳಿಕೊಡಲಿಲ್ಲ.

ನಾನೀಗ ಬೆಂಗಳೂರಿನ ಒಂದು ಪ್ರಯೋಗಾಲಯದ ವಿಷಶಾಸ್ತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಹೊಸ ಅಣುವೊಂದು ಮೊದಲ ಮನುಷ್ಯನ ಬಾಯಿಗೆ ಹೋಗುವ ಮುಂಚೆ ನಡೆಯುವ ಪರೀಕ್ಷೆಗಳು ನಮ್ಮ ಪಾಲಿಗೆ ಬರುತ್ತವೆ. ರೋಗ ಹೇಗೆ ಹುಟ್ಟುತ್ತದೆ, ಅದರ ಯಾವ ಕೊಂಡಿಯನ್ನು ಮುರಿಯಬಹುದು, ಮುರಿಯಲು ಹೋದರೆ ಇನ್ನೇನು ಮುರಿದೀತು ಎಂದು ತಿಳಿಯುವ ಈ ಹಂತಕ್ಕೆ ಪ್ರಿಕ್ಲಿನಿಕಲ್ ಎನ್ನುತ್ತಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ತಪ್ಪದೆ ಕೇಳುವುದು ಒಂದೇ ಪ್ರಶ್ನೆ: “ಇಲಿಯಲ್ಲಿ ಕ್ಯಾನ್ಸರ್ ವಾಸಿಯಾಯಿತೆಂದು ಪೇಪರಿನಲ್ಲಿ ಬಂದಿತ್ತಲ್ಲ, ಅಂಗಡಿಗೆ ಯಾವಾಗ ಬರುತ್ತದೆ?” ಬಹುಪಾಲು ಬರುವುದಿಲ್ಲ ಎಂದರೆ ಅವರಿಗೆ ನಿರಾಸೆಯಾಗುತ್ತದೆ. ಇಲಿಯಲ್ಲಿ ಏನೂ ಆಗದ ಔಷಧವೊಂದು ಕೋಟ್ಯಂತರ ಜನರ ಮನೆಯಲ್ಲಿದೆ, ನಿಮ್ಮ ಜೇಬಿನಲ್ಲೂ ಇರಬಹುದು ಎಂದರೆ ನಂಬುವುದಿಲ್ಲ. ಅಷ್ಟರಲ್ಲಿ ಸಾರು ಬರುತ್ತದೆ, ಮಾತು ಮುರಿಯುತ್ತದೆ. ಹಾಗಾಗಿ ಇಲ್ಲಿ ಸಾವಧಾನವಾಗಿ ಬರೆಯುತ್ತಿದ್ದೇನೆ.

ಆ ಮೊದಲ ಸ್ಟಾಟಿನ್ ಕಂಡುಹಿಡಿದ ಅಕಿರಾ ಎಂಡೊ ಹುಟ್ಟಿದ್ದು 1933ರಲ್ಲಿ, ಉತ್ತರ ಜಪಾನಿನ ಅಕಿತಾ ಪ್ರಾಂತದ ರೈತ ಕುಟುಂಬದಲ್ಲಿ. ಅಣಬೆ, ಬೂಷ್ಟುಗಳ ಹುಚ್ಚು ಬಾಲ್ಯದಿಂದಲೇ ಇತ್ತು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಆತನ ಆದರ್ಶ. 1957ರಲ್ಲಿ ಟೋಕಿಯೊದ ಸ್ಯಾಂಕ್ಯೊ ಔಷಧ ಕಂಪನಿ ಸೇರಿದಾಗ ಸಿಕ್ಕಿದ ಕೆಲಸ ಮಾತ್ರ ಹಣ್ಣಿನ ರಸವನ್ನು ತಿಳಿಗೊಳಿಸುವ ಕಿಣ್ವ ಹುಡುಕುವುದು. ಅದನ್ನು ಬೂಷ್ಟಿನಲ್ಲೇ ಹುಡುಕಿ ಕೊಟ್ಟ. 1966ರಿಂದ ಎರಡು ವರ್ಷ ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನಲ್ಲಿದ್ದಾಗ, ಹೃದಯಾಘಾತವಾದವರನ್ನು ಹೊತ್ತು ಓಡುವ ಆಂಬುಲೆನ್ಸುಗಳು ಅವನ ಕಣ್ಣಿಗೆ ಮತ್ತೆ ಮತ್ತೆ ಬಿದ್ದವು. ರಕ್ತದ ಕೊಲೆಸ್ಟ್ರಾಲಿಗೂ ಹೃದಯದ ಕಾಯಿಲೆಗೂ ನಂಟಿದೆ ಎಂಬುದು ಆಗಲೇ ಗೊತ್ತಿತ್ತು. ದೇಹ ಕೊಲೆಸ್ಟ್ರಾಲನ್ನು ಹೇಗೆ ಕಟ್ಟುತ್ತದೆ ಎಂಬುದನ್ನು ಹಂತಹಂತವಾಗಿ ಬಿಡಿಸಿದ್ದಕ್ಕೆ ಕೊನ್ರಾಡ್ ಬ್ಲಾಕ್ ಮತ್ತು ಫಿಯೋಡರ್ ಲೀನೆನ್ ಅವರಿಗೆ 1964ರಲ್ಲೇ ನೊಬೆಲ್ ಬಂದಿತ್ತು. ಆ ಸರಪಳಿಯ ವೇಗವನ್ನು ನಿರ್ಧರಿಸುವುದು ಎಚ್‌ಎಂಜಿ-ಕೋಎ ರಿಡಕ್ಟೇಸ್ ಎಂಬ ಒಂದೇ ಕಿಣ್ವ. ಅದನ್ನು ತಡೆದರೆ ಕೊಲೆಸ್ಟ್ರಾಲ್ ತಯಾರಿಕೆ ತಗ್ಗಬೇಕು.

ತಡೆಯುವ ವಸ್ತು ಎಲ್ಲಿ ಸಿಕ್ಕೀತು? ಎಂಡೊ ಯೋಚಿಸಿದ ರೀತಿ ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ. ಅನೇಕ ಸೂಕ್ಷ್ಮಜೀವಿಗಳಿಗೆ ತಮ್ಮ ಜೀವಕೋಶದ ಪೊರೆ ಕಟ್ಟಲು ಕೊಲೆಸ್ಟ್ರಾಲಿನ ಜಾತಿಯ ಸ್ಟೆರಾಲ್‌ಗಳು ಬೇಕು. ಬೂಷ್ಟುಗಳು ಒಂದರ ಮೇಲೊಂದು ಯುದ್ಧ ಮಾಡುತ್ತಲೇ ಬದುಕುವ ಜೀವಿಗಳು. ಶತ್ರುವಿನ ಸ್ಟೆರಾಲ್ ತಯಾರಿಕೆಯನ್ನೇ ನಿಲ್ಲಿಸುವ ಅಸ್ತ್ರವನ್ನು ಯಾವುದಾದರೂ ಒಂದು ಬೂಷ್ಟು ಕಂಡುಕೊಂಡಿರಲೇಬೇಕು. ಪುರಾವೆಯೇನೂ ಇರಲಿಲ್ಲ, ಊಹೆ ಮಾತ್ರ. 1971ರಲ್ಲಿ ಮಸಾವೊ ಕುರೋಡ ಎಂಬ ಸಹೋದ್ಯೋಗಿಯ ಜೊತೆ ಒಂದೊಂದೇ ಬೂಷ್ಟನ್ನು ಬೆಳೆಸಿ, ಅದರ ರಸವನ್ನು ಇಲಿಯ ಯಕೃತ್ತಿನಿಂದ ತೆಗೆದ ಕಿಣ್ವಗಳ ಮೇಲೆ ಹಾಕಿ ನೋಡತೊಡಗಿದ. ಎರಡು ವರ್ಷಗಳಲ್ಲಿ ಸುಮಾರು 6,000 ಬಗೆಗಳು. ಮೊದಲು ಸಿಕ್ಕಿದ ಸಿಟ್ರಿನಿನ್ ಎಂಬ ವಸ್ತು ಮೂತ್ರಪಿಂಡಕ್ಕೆ ವಿಷ. ಆಮೇಲೆ, ಕ್ಯೋಟೊದ ಧಾನ್ಯದ ಅಂಗಡಿಯೊಂದರ ಅಕ್ಕಿಯಿಂದ ತಂದ ಪೆನಿಸಿಲಿಯಂ ಸಿಟ್ರಿನಂ ಎಂಬ ನೀಲಿ-ಹಸಿರು ಬೂಷ್ಟಿನಲ್ಲಿ ಬೇಕಾದ್ದು ಸಿಕ್ಕಿತು. 1973ರಲ್ಲಿ ಶುದ್ಧರೂಪದಲ್ಲಿ ಕೈಗೆ ಬಂದ ಆ ಅಣುವಿನ ಒಂದು ತುದಿ, ಕಿಣ್ವ ಎಂದಿನಂತೆ ಹಿಡಿಯುವ ವಸ್ತುವನ್ನೇ ಹೋಲುತ್ತಿತ್ತು. ಕಿಣ್ವ ಅದನ್ನು ತನ್ನ ನಿಜವಾದ ಆಹಾರಕ್ಕಿಂತ ಸಾವಿರಾರು ಪಟ್ಟು ಬಿಗಿಯಾಗಿ ಅಪ್ಪಿಕೊಂಡು ಸುಮ್ಮನಾಗುತ್ತಿತ್ತು. ಮುಂದೆ ಅದಕ್ಕೆ ಕಾಂಪ್ಯಾಕ್ಟಿನ್ ಎಂಬ ಹೆಸರು ನಿಂತಿತು.

ಪ್ರನಾಳದಲ್ಲಿ ಅಷ್ಟು ಸೊಗಸಾಗಿ ನಡೆದದ್ದು ಇಲಿಯಲ್ಲಿ ನಡೆಯಲಿಲ್ಲ. 1974ರಲ್ಲಿ ಇಲಿಗಳಿಗೆ ತಿನ್ನಿಸಿದರು, ಪ್ರಮಾಣ ಏರಿಸಿದರು, ಐದು ವಾರ ಕೊಟ್ಟರು. ರಕ್ತದ ಕೊಲೆಸ್ಟ್ರಾಲ್ ಇದ್ದಲ್ಲೇ ಇತ್ತು. ಸಣ್ಣ ಇಲಿಗಳಲ್ಲೂ ಅದೇ ಕಥೆ. ಹೊಸ ಔಷಧಕ್ಕೆ ಇಲಿ ಒಲ್ಲೆನೆಂದರೆ ಮುಂದಿನ ಬಾಗಿಲು ತೆರೆಯದಿದ್ದ ಕಾಲವದು. ಇಂಗ್ಲೆಂಡಿನ ಬೀಚಮ್ ಕಂಪನಿಯವರು ಸ್ವತಂತ್ರವಾಗಿ, ಬೇರೊಂದು ಪೆನಿಸಿಲಿಯಂನಿಂದ ಇದೇ ಅಣುವನ್ನು ತೆಗೆದಿದ್ದರು. ಅವರಿಗೂ ಇಲಿಯಲ್ಲಿ ಏನೂ ಕಾಣಲಿಲ್ಲ, ಕೈಬಿಟ್ಟರು. ಅವರನ್ನು ದಡ್ಡರೆನ್ನಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಕಚೇರಿಯಲ್ಲಿ ಇವತ್ತು ಅಂಥ ಫಲಿತಾಂಶ ಮೇಜಿನ ಮೇಲೆ ಬಂದರೆ ಮುಂದಿನ ಸಭೆಯ ಹೊತ್ತಿಗೆ ಆ ಯೋಜನೆಯ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ.

1976ರ ಆರಂಭದ ಒಂದು ಸಂಜೆ ಪ್ರಯೋಗಾಲಯದ ಹತ್ತಿರದ ಬಾರಿನಲ್ಲಿ ಎಂಡೊಗೆ ಅದೇ ಕಂಪನಿಯ ನೊರಿತೊಶಿ ಕಿಟಾನೊ ಸಿಕ್ಕಿದ. ಕಿಟಾನೊ ತನ್ನ ಬೇರೆ ಯಾವುದೋ ಸಂಶೋಧನೆಗೆ ಮೊಟ್ಟೆ ಇಡುವ ಕೋಳಿಗಳನ್ನು ಸಾಕಿದ್ದ. ಆ ಕೆಲಸ ಮುಗಿದೊಡನೆ ಅವುಗಳ ಕಥೆಯೂ ಮುಗಿಯುವುದಿತ್ತು. ಎಂಡೊ ಯೋಚಿಸಿದ: ಮೊಟ್ಟೆಯ ಹಳದಿಯ ತುಂಬ ಕೊಲೆಸ್ಟ್ರಾಲ್. ದಿನಕ್ಕೊಂದು ಮೊಟ್ಟೆ ಇಡುವ ಕೋಳಿ ಅಷ್ಟನ್ನೂ ತಯಾರಿಸಿ ರಕ್ತದ ಮೂಲಕ ಸಾಗಿಸುತ್ತಿರಬೇಕು. ಹಾಗಾದರೆ ಔಷಧದ ಪರಿಣಾಮ ಕಾಣುವುದಿದ್ದರೆ ಇಲ್ಲೇ ಕಾಣಬೇಕು. ಮೇವಿನಲ್ಲಿ ಸಾವಿರಕ್ಕೆ ಒಂದು ಪಾಲು ಕಾಂಪ್ಯಾಕ್ಟಿನ್ ಬೆರೆಸಿ ಹಾಕಿದರು. ಕೆಲವೇ ವಾರಗಳಲ್ಲಿ ರಕ್ತದ ಕೊಲೆಸ್ಟ್ರಾಲ್ ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು. ಕೋಳಿಗಳು ಎಂದಿನಂತೆ ತಿಂದವು, ಎಂದಿನಂತೆ ಮೊಟ್ಟೆ ಇಟ್ಟವು, ತೂಕವೂ ಕರಗಲಿಲ್ಲ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂದು ನಮ್ಮ ಕಡೆ ಗದರುವುದುಂಟು. ಔಷಧ ಅರೆಯುವವರು ಕೇಳಿದರು, ಅದು ಉತ್ತರ ಕೊಟ್ಟಿತು. ಬೆನ್ನಿಗೇ ನಾಯಿಗಳಲ್ಲೂ ಕೋತಿಗಳಲ್ಲೂ ಕೊಲೆಸ್ಟ್ರಾಲ್ ಇಳಿಯಿತು.

ಇಲಿ ಸುಳ್ಳು ಹೇಳಿತೇ? ಇಲ್ಲ. ತನ್ನ ಮೈಯ ಮಟ್ಟಿಗೆ ಅದು ಸತ್ಯವನ್ನೇ ಹೇಳಿತ್ತು. ಇಲಿಯ ರಕ್ತದಲ್ಲಿ ಕೊಲೆಸ್ಟ್ರಾಲಿನ ಹೆಚ್ಚಿನ ಪಾಲು ಓಡಾಡುವುದು ಎಚ್‌ಡಿಎಲ್ ಕಣಗಳಲ್ಲಿ, ಅಂದರೆ ಲ್ಯಾಬ್ ವರದಿಯಲ್ಲಿ ‘ಒಳ್ಳೆಯದು’ ಎಂದು ಕರೆಯುವ ಬಗೆಯಲ್ಲಿ. ಔಷಧ ಇಳಿಸಬೇಕಾದ ಎಲ್‌ಡಿಎಲ್, ಅಂದರೆ ‘ಕೆಟ್ಟದ್ದು’ ಎನ್ನುವ ಬಗೆ, ಅದಕ್ಕೆ ಇರುವುದೇ ಅಷ್ಟಿಷ್ಟು. ಜೊತೆಗೆ, ಕಿಣ್ವವನ್ನು ತಡೆದ ಸುಳಿವು ಸಿಕ್ಕೊಡನೆ ಇಲಿಯ ಯಕೃತ್ತು ಅದೇ ಕಿಣ್ವವನ್ನು ಹಲವು ಪಟ್ಟು ಹೆಚ್ಚು ತಯಾರಿಸಿ ತಡೆಯನ್ನು ಮೀರಿಬಿಡುತ್ತದೆ. ಈ ವಿವರಗಳೆಲ್ಲ ತಿಳಿದದ್ದು ಆಮೇಲೆ. ಕಾಲೇಜಿನ ಆ ವನಸ್ಪತಿ ಇಲಿಗಳು ಯಾಕೆ ಅಷ್ಟು ಹಟ ಹಿಡಿಯುತ್ತಿದ್ದವು ಎಂಬುದಕ್ಕೂ ಇದರಲ್ಲಿ ಅರ್ಧ ಉತ್ತರವಿದೆ.

ಇದೇ ಹೊತ್ತಿಗೆ ಅಮೆರಿಕದ ಡಲ್ಲಾಸಿನಲ್ಲಿ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಇನ್ನೊಂದು ತುದಿಯಿಂದ ಅಗೆಯುತ್ತಿದ್ದರು. ಕೆಲವು ಕುಟುಂಬಗಳಲ್ಲಿ ಮಕ್ಕಳಿಗೇ ಹೃದಯಾಘಾತವಾಗುತ್ತದೆ, ಮೊಣಕೈ, ಮಂಡಿಗಳ ಮೇಲೆ ಹಳದಿ ಕೊಬ್ಬಿನ ಗಂಟುಗಳೇಳುತ್ತವೆ. ಆ ರೋಗಿಗಳ ಚರ್ಮದ ಜೀವಕೋಶಗಳನ್ನು ಬೆಳೆಸಿ ನೋಡಿದಾಗ, ರಕ್ತದಿಂದ ಎಲ್‌ಡಿಎಲ್ ಕಣಗಳನ್ನು ಒಳಗೆಳೆದುಕೊಳ್ಳುವ ರಿಸೆಪ್ಟರ್ ಅವರಲ್ಲಿ ಇಲ್ಲವೆಂದು ಗೊತ್ತಾಯಿತು. 1985ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಸ್ಟಾಟಿನ್ ಯಾಕೆ ಕೆಲಸ ಮಾಡುತ್ತದೆ ಎಂಬುದು ನಿಜವಾಗಿ ಅರ್ಥವಾದದ್ದು ಈ ರಿಸೆಪ್ಟರಿನಿಂದ. ಯಕೃತ್ತಿನ ಜೀವಕೋಶ ತಾನು ತಯಾರಿಸುವುದು ಕಡಿಮೆಯಾದೊಡನೆ ಹೊರಮೈಯಲ್ಲಿ ಹೆಚ್ಚು ಹೆಚ್ಚು ರಿಸೆಪ್ಟರ್‌ಗಳನ್ನು ಚಾಚಿ ರಕ್ತದಿಂದ ಎಲ್‌ಡಿಎಲ್ ಸೆಳೆಯುತ್ತದೆ. ಕೊಟ್ಟಿಗೆಯ ಹಸು ಹಾಲು ನಿಲ್ಲಿಸಿದರೆ ಚೊಂಬು ಹಿಡಿದು ಡೈರಿಗೆ ಹೋಗಲೇಬೇಕಲ್ಲ, ಹಾಗೆ. ರಕ್ತದಲ್ಲಿ ಇಳಿಯುವುದು ತಯಾರಿಕೆ ತಗ್ಗಿದ್ದರಿಂದಲ್ಲ, ಸೆಳೆತ ಹೆಚ್ಚಿದ್ದರಿಂದ. ಎಂಡೊ ಊಹೆ ಫಲಿಸಿತು, ಆದರೆ ಅವನು ಅಂದುಕೊಂಡಿದ್ದಷ್ಟು ನೇರವಾದ ದಾರಿಯಲ್ಲಲ್ಲ.

ಈ ಕಥೆಯಲ್ಲಿ ನನಗೆ ತೀರಾ ಪ್ರಿಯವಾದ ಪ್ರಾಣಿ ಒಂದು ಮೊಲ. ಕೋಬೆ ವಿಶ್ವವಿದ್ಯಾಲಯದ ಯೋಶಿಯೊ ವಟನಾಬೆ 1973ರಲ್ಲಿ ತನ್ನ ಮೊಲಗಳ ನಡುವೆ ಒಂದೇ ಒಂದು ಗಂಡಿನ ರಕ್ತದಲ್ಲಿ ವಿಪರೀತ ಕೊಲೆಸ್ಟ್ರಾಲ್ ಕಂಡ. ಅದರ ಸಂತತಿಯನ್ನು ವರ್ಷಗಟ್ಟಲೆ ತಾಳ್ಮೆಯಿಂದ ಬೆಳೆಸಿದ. ಯಾರೂ ಅವಕ್ಕೆ ವನಸ್ಪತಿ ತಿನ್ನಿಸಿರಲಿಲ್ಲ. ಹುಲ್ಲು, ಕಾಳು ತಿಂದುಕೊಂಡೇ ಅವುಗಳ ರಕ್ತನಾಳಗಳಲ್ಲಿ ಗಡಸು ಕಟ್ಟುತ್ತಿತ್ತು. ಆ ಮೊಲಗಳಲ್ಲೂ ಕೆಟ್ಟಿದ್ದದ್ದು ಎಲ್‌ಡಿಎಲ್ ರಿಸೆಪ್ಟರ್. ಮನುಷ್ಯನ ಕಾಯಿಲೆಗೆ ಹೋಲುವ ಲಕ್ಷಣವನ್ನು ಬಲವಂತದಿಂದ ಹುಟ್ಟಿಸಿದ ಪ್ರಾಣಿಗೂ, ಅದೇ ಕಾರಣದಿಂದ ಅದೇ ಕಾಯಿಲೆ ಬಂದ ಪ್ರಾಣಿಗೂ ಇರುವ ಅಂತರ ನೆಲಕ್ಕೂ ಮುಗಿಲಿಗೂ ಇರುವಷ್ಟು. ನಮ್ಮ ಕೆಲಸದಲ್ಲಿ ಈ ಅಂತರವನ್ನು ಮರೆತವರೇ ಹೆಚ್ಚು ಅವಸರದ ಸುದ್ದಿ ಹುಟ್ಟಿಸುತ್ತಾರೆ.

ಕೋಳಿ ಒಪ್ಪಿದ ಮಾತ್ರಕ್ಕೆ ಕಾಂಪ್ಯಾಕ್ಟಿನ್ನಿನ ಕಷ್ಟ ತೀರಲಿಲ್ಲ. 1977ರಲ್ಲಿ, ಭಾರೀ ಪ್ರಮಾಣ ತಿಂದ ಇಲಿಗಳ ಯಕೃತ್ತಿನಲ್ಲಿ ಸೂಕ್ಷ್ಮ ಹರಳುಗಳು ಕಂಡವೆಂದು ವಿಷಶಾಸ್ತ್ರದವರು ಕೈ ಎತ್ತಿದರು. ಕೊಲೆಸ್ಟ್ರಾಲ್ ಇಳಿಯುವುದಿಲ್ಲ ಎಂದದ್ದೂ ಇಲಿ, ಅಪಾಯ ಎಂದದ್ದೂ ಇಲಿ. 1978ರ ಫೆಬ್ರವರಿಯಲ್ಲಿ ಒಸಾಕಾದ ವೈದ್ಯ ಅಕಿರಾ ಯಮಾಮೊಟೊ, ಬೇರೆ ದಾರಿಯೇ ಉಳಿಯದಿದ್ದ 18 ವರ್ಷದ ಯುವತಿಯೊಬ್ಬಳಿಗೆ ಈ ಔಷಧ ಕೊಟ್ಟ. ಅವಳಿಗಿದ್ದದ್ದು ತಂದೆ ತಾಯಿ ಇಬ್ಬರಿಂದಲೂ ಬರುವ ತೀವ್ರ ಬಗೆಯ ವಂಶವಾಹಿ ಕಾಯಿಲೆ. ಕೊಲೆಸ್ಟ್ರಾಲ್ ಸ್ವಲ್ಪ ಇಳಿಯಿತು, ಆದರೆ ಸ್ನಾಯುಗಳು ಸೋತವು. ಪ್ರಮಾಣ ತಗ್ಗಿಸಿ, ಕಾಯಿಲೆ ಇಷ್ಟು ಉಗ್ರವಲ್ಲದ ಇತರ ರೋಗಿಗಳಿಗೆ ಕೊಟ್ಟಾಗ ಕೊಲೆಸ್ಟ್ರಾಲ್ ಸರಾಸರಿ ಕಾಲು ಭಾಗಕ್ಕಿಂತ ಹೆಚ್ಚು ಇಳಿಯಿತು. ಅದೇ ವರ್ಷದ ಕೊನೆಯಲ್ಲಿ ಎಂಡೊ ಕಂಪನಿ ಬಿಟ್ಟು ಟೋಕಿಯೊದ ಕೃಷಿ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ ಸೇರಿದ.

1980ರ ಆಗಸ್ಟಿನಲ್ಲಿ ನಾಯಿಗಳ ಸರದಿ ಬಂತು. ದೇಹತೂಕದ ಒಂದು ಕಿಲೋಗೆ 100, 200 ಮಿಲಿಗ್ರಾಂ ಲೆಕ್ಕದಲ್ಲಿ ಎರಡು ವರ್ಷ ಔಷಧ ತಿಂದ ನಾಯಿಗಳ ಕರುಳಿನಲ್ಲಿ ಲಿಂಫೋಮಾ ಎಂಬ ಕ್ಯಾನ್ಸರಿನಂಥ ಗಡ್ಡೆಗಳು ಕಂಡಿವೆ ಎಂದು ಸ್ಯಾಂಕ್ಯೊ ಕಾಂಪ್ಯಾಕ್ಟಿನ್ ಯೋಜನೆಯನ್ನೇ ನಿಲ್ಲಿಸಿತು. ಅದು ಕ್ಯಾನ್ಸರ್ ಅಲ್ಲವೆಂಬುದು ಎಂಡೊನ ವಾದ. ಮನುಷ್ಯನಿಗೆ ಕೊಡುತ್ತಿದ್ದುದರ ನೂರಾರು ಪಟ್ಟು ಅದು. ಇಲ್ಲಿ ನಮ್ಮವರ ಪರವಾಗಿ ಎರಡು ಮಾತು ಹೇಳಬೇಕು. ಅಷ್ಟು ಭಾರೀ ಪ್ರಮಾಣ ಕೊಡುವುದು ಕುರುಡುತನವಲ್ಲ. ಯಾವ ಅಂಗಕ್ಕೆ ಮೊದಲು ಪೆಟ್ಟು ಬೀಳುತ್ತದೆ, ಅಲ್ಲಿಂದ ರೋಗಿಯ ಪ್ರಮಾಣದವರೆಗೆ ಎಷ್ಟು ಅಂತರವಿದೆ ಎಂದು ಅಳೆಯಲು ಬೇಕೆಂದೇ ಹಾಗೆ ಮಾಡುತ್ತಾರೆ. ಕಷ್ಟ ಶುರುವಾಗುವುದು ಸ್ಲೈಡ್ ಓದುವಾಗ. ನೇರಳೆ ಬಣ್ಣ ಹಿಡಿದ ಜೀವಕೋಶಗಳ ಗುಂಪೊಂದು ಕರುಳಿನ ಗೋಡೆಯಲ್ಲಿ ಒತ್ತೊತ್ತಾಗಿ ಕೂತಿರುತ್ತದೆ. ಒಬ್ಬ ರೋಗಶಾಸ್ತ್ರಜ್ಞ ಗಡ್ಡೆ ಎನ್ನುತ್ತಾನೆ, ಇನ್ನೊಬ್ಬ ಉರಿಯೂತ ಎನ್ನುತ್ತಾನೆ. ಮೂರನೆಯವನನ್ನು ಕರೆಸುತ್ತೇವೆ, ಅವನು ಇನ್ನಷ್ಟು ಸ್ಲೈಡ್ ಕೇಳುತ್ತಾನೆ. ಆಡಳಿತದವರಿಗೆ ಬೇಕಾದ್ದು ಹೌದು ಅಥವಾ ಇಲ್ಲ. ಸೂಕ್ಷ್ಮದರ್ಶಕದಡಿ ಅಂಥ ಉತ್ತರ ಸಿಗುವ ದಿನ ಅಪರೂಪ.

ಮುಂದಿನದು ಅಮೆರಿಕದ ಮರ್ಕ್ ಕಂಪನಿಯ ಭಾಗ. ಸ್ಯಾಂಕ್ಯೊ ಜೊತೆಗಿನ ಒಪ್ಪಂದದಿಂದ ಕಾಂಪ್ಯಾಕ್ಟಿನ್ನಿನ ವಿಷಯ ಅರಿತಿದ್ದ ಅಲ್ಲಿನ ಆಲ್ಫ್ರೆಡ್ ಆಲ್ಬರ್ಟ್ಸ್ ತಂಡಕ್ಕೆ 1978ರಲ್ಲಿ, ಹುಡುಕಲು ತೊಡಗಿದ ಕೆಲವೇ ವಾರಗಳಲ್ಲಿ, ಆಸ್ಪರ್ಜಿಲಸ್ ಟೆರಿಯಸ್ ಎಂಬ ಮಣ್ಣಿನ ಬೂಷ್ಟಿನಿಂದ ಅದರ ತಮ್ಮನಂಥ ಅಣು ಸಿಕ್ಕಿತು. ಅದೇ ಲೋವಾಸ್ಟಾಟಿನ್. ಜಪಾನಿನ ನಾಯಿಗಳ ಸುದ್ದಿ ವದಂತಿಯಾಗಿ ಕಿವಿಗೆ ಬಿದ್ದೊಡನೆ ಮರ್ಕ್ ಕೂಡ 1980ರಲ್ಲಿ ಎಲ್ಲವನ್ನೂ ನಿಲ್ಲಿಸಿತು. ಮತ್ತೆ ಬಾಗಿಲು ತಟ್ಟಿದವರು ವೈದ್ಯರು. ಬೇರೆ ಯಾವ ಔಷಧಕ್ಕೂ ಬಗ್ಗದ ರೋಗಿಗಳಿಗಾದರೂ ಕೊಡಿ ಎಂದು 1982ರಲ್ಲಿ ಕೇಳಿದರು. ಕಂಪನಿ ನಾಯಿಗಳಲ್ಲಿ ಹೊಸದಾಗಿ ದೀರ್ಘ ಪರೀಕ್ಷೆ ನಡೆಸಿತು, ಗಡ್ಡೆ ಕಾಣಲಿಲ್ಲ. ಮೊಲಗಳಲ್ಲಿ ಭಾರೀ ಪ್ರಮಾಣ ವಿಷವಾದಾಗ, ತಡೆದ ಕಿಣ್ವ ತಯಾರಿಸಬೇಕಿದ್ದ ಮೆವಲೋನೇಟನ್ನು ಹೊರಗಿನಿಂದ ಕೊಟ್ಟರೆ ವಿಷ ತಗುಲಲಿಲ್ಲ. ಅಂದರೆ ಹಾನಿ ಬಂದದ್ದು ಅಣುವಿನ ಯಾವುದೋ ಗುಪ್ತ ದುರ್ಗುಣದಿಂದಲ್ಲ, ಅದರ ಕೆಲಸವೇ ಅತಿಯಾದದ್ದರಿಂದ. ನನ್ನ ಲೆಕ್ಕದಲ್ಲಿ ಇಡೀ ಕಥೆಯ ಅತ್ಯಂತ ಚೊಕ್ಕ ಪ್ರಯೋಗ ಇದು. 1987ರ ಸೆಪ್ಟೆಂಬರಿನಲ್ಲಿ ಲೋವಾಸ್ಟಾಟಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಸ್ಕ್ಯಾಂಡಿನೇವಿಯಾದ 4,444 ರೋಗಿಗಳ ಮೇಲೆ ನಡೆದ, ಸಿಮ್ವಾಸ್ಟಾಟಿನ್ ಎಂಬ ಇನ್ನೊಂದು ಸ್ಟಾಟಿನ್ನಿನ ಪರೀಕ್ಷೆ ಸಾವು ಶೇ. 30ರಷ್ಟು ತಗ್ಗಿತೆಂದು ತೋರಿಸಿದ್ದು 1994ರಲ್ಲಿ. ಅಲ್ಲಿಯವರೆಗೆ ಅಂಕಿ ಇಳಿಯುತ್ತದೆ ಎಂಬುದಷ್ಟೇ ಖಾತರಿಯಿತ್ತು, ಆಯುಸ್ಸು ಉಳಿಯುತ್ತದೆ ಎಂಬುದಲ್ಲ.

ಈ ಬೂಷ್ಟಿನ ಕಸುಬು ನಮ್ಮೂರಿಗೂ ಬಂತು. ಬಯೋಕಾನ್ 1978ರಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ತೆಗೆಯುತ್ತಿದ್ದದ್ದು ಪರಂಗಿಕಾಯಿಯ ಹಾಲಿನಿಂದ ಪಪೈನ್ ಕಿಣ್ವ, ಬಿಯರ್ ತಿಳಿಗೊಳಿಸಲು ಮೀನಿನಿಂದ ಐಸಿಂಗ್ಲಾಸ್. ಎಂಡೊನ ಹಣ್ಣಿನ ರಸದ ಕಿಣ್ವ ನೆನಪಾಗುತ್ತದೆ. ಹುದುಗಿಸುವುದರಲ್ಲಿ ಪಳಗಿದ ಆ ಕೈಗಳೇ ಮುಂದೆ ಸ್ಟಾಟಿನ್‌ಗೆ ತಿರುಗಿದವು. 2001ರಲ್ಲಿ ಅವರ ಲೋವಾಸ್ಟಾಟಿನ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಸಿಕ್ಕಿತು. ಈಗ ಹೆಚ್ಚು ಬರೆಯುವ ಅಟೊರ್ವಾಸ್ಟಾಟಿನ್, ರೋಸುವಾಸ್ಟಾಟಿನ್‌ಗಳಿಗೆ ಬೂಷ್ಟು ಬೇಡ, ಅವು ಪೂರ್ತಿ ರಾಸಾಯನಿಕ ತಯಾರಿಕೆ. ಆದರೂ ಕಿಣ್ವವನ್ನು ಹಿಡಿಯುವ ಆ ತುದಿ ಮಾತ್ರ ಕ್ಯೋಟೊದ ಅಕ್ಕಿಯಲ್ಲಿ ಸಿಕ್ಕಿದ್ದರ ನಕಲೇ.

ಇಲಿಯ ಮಾತು ಕೇಳದೆ ಹಟ ಹಿಡಿದವನೇ ಗೆಲ್ಲುತ್ತಾನೆ ಎಂದು ಈ ಕಥೆಯನ್ನು ಉಬ್ಬಿಸಿ ಹೇಳುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಹಟ ಹಿಡಿದು ಮುಳುಗಿದವರ ಕಥೆಯನ್ನು ಯಾರೂ ಹೇಳುವುದಿಲ್ಲ, ಅಷ್ಟೇ. ಇದೇ ಕೊಲೆಸ್ಟ್ರಾಲಿನ ಅಂಗಳದಲ್ಲಿ ಟಾರ್ಸೆಟ್ರಾಪಿಬ್ ಎಂಬ ಔಷಧ ಬಂತು. ಎಚ್‌ಡಿಎಲ್‌ನಿಂದ ಕೊಲೆಸ್ಟ್ರಾಲನ್ನು ಬೇರೆ ಕಣಗಳಿಗೆ ದಾಟಿಸುವ ಸಿಇಟಿಪಿ ಎಂಬ ಪ್ರೋಟೀನನ್ನು ತಡೆದು ‘ಒಳ್ಳೆಯ’ ಕೊಲೆಸ್ಟ್ರಾಲನ್ನು ಏರಿಸುವುದು ಅದರ ಉಪಾಯ. ಇಲಿಗಳಲ್ಲಿ ಆ ಪ್ರೋಟೀನೇ ಕೆಲಸ ಮಾಡುವುದಿಲ್ಲ, ಹಾಗಾಗಿ ಅವುಗಳನ್ನು ಕೇಳುವಂತೆಯೂ ಇರಲಿಲ್ಲ. ಮೊಲಗಳಲ್ಲಿ ಫಲಿತಾಂಶ ಚೆನ್ನಾಗಿತ್ತು. ಸುಮಾರು 15,000 ಜನರ ಮೇಲೆ ನಡೆಯುತ್ತಿದ್ದ ಪರೀಕ್ಷೆಯನ್ನು 2006ರ ಡಿಸೆಂಬರಿನಲ್ಲಿ ದಿಢೀರನೆ ನಿಲ್ಲಿಸಬೇಕಾಯಿತು. ಔಷಧ ತೆಗೆದುಕೊಂಡವರಲ್ಲೇ ಸಾವು ಹೆಚ್ಚಿತ್ತು. ಎಚ್‌ಡಿಎಲ್ ಏರಿದ್ದು ನಿಜ, ಅದರ ಜೊತೆ ರಕ್ತದೊತ್ತಡವೂ ಏರಿತ್ತು. ಆ ಪ್ರೋಟೀನಿಗೆ ಸಂಬಂಧವೇ ಇಲ್ಲದೆ ಈ ಅಣು ಅಡ್ರಿನಲ್ ಗ್ರಂಥಿಯನ್ನು ಕೆಣಕುತ್ತಿತ್ತು ಎಂಬುದು ಆಮೇಲೆ ಹೊರಬಂತು. ಆ ಔಷಧಕ್ಕೂ ಎಂಡೊನಂತೆಯೇ ನಂಬಿ ದುಡಿದವರಿದ್ದರು. ನಂಬಿಕೆಯ ತೂಕದಲ್ಲಿ ಇಬ್ಬರಿಗೂ ವ್ಯತ್ಯಾಸ ಹುಡುಕಿದರೆ ಸಿಗಲಾರದು. ಎಂಡೊಗೆ ಕಿಣ್ವದ ಹಂತದಲ್ಲಿ ಕಲ್ಲಿನಷ್ಟು ಗಟ್ಟಿ ಪುರಾವೆಯಿತ್ತು. ಜೊತೆಗೆ ಆ ಕಿಣ್ವದ ದಾರಿಗೂ ಮನುಷ್ಯನ ಕಾಯಿಲೆಗೂ ಇದ್ದ ನಂಟು, ಡಲ್ಲಾಸಿನವರ ದಯೆಯಿಂದ, ವರ್ಷ ಕಳೆದಂತೆ ಬಿಗಿಯಾಗುತ್ತ ಹೋಯಿತು. ಎಚ್‌ಡಿಎಲ್ ಏರಿಸಿದರೆ ಹೃದಯ ಉಳಿಯುತ್ತದೆ ಎಂಬ ನಂಟು ಹುಡುಕಿದಷ್ಟೂ ಸಡಿಲವಾಯಿತು.

ಈಚಿನ ವರ್ಷಗಳಲ್ಲಿ ಕ್ರಮ ತಲೆಕೆಳಗಾಗಿದೆ. ಮೊದಲು ಮನುಷ್ಯ, ಆಮೇಲೆ ಇಲಿ. 2003ರಲ್ಲಿ ಫ್ರಾನ್ಸಿನ ಕೆಲವು ಕುಟುಂಬಗಳ ಅತಿ ಕೊಲೆಸ್ಟ್ರಾಲಿಗೆ ಪಿಸಿಎಸ್‌ಕೆ9 ಎಂಬ ಜೀನಿನ ಬದಲಾವಣೆ ಕಾರಣವೆಂದು ಗೊತ್ತಾಯಿತು. ಆ ಪ್ರೋಟೀನಿನ ಕೆಲಸ ಎಲ್‌ಡಿಎಲ್ ರಿಸೆಪ್ಟರ್‌ಗಳನ್ನು ನಾಶಕ್ಕೆ ತಳ್ಳುವುದು. ಹಾಗಾದರೆ ಹುಟ್ಟಿನಿಂದಲೇ ಆ ಜೀನ್ ಕೆಟ್ಟು ಕೆಲಸ ಮಾಡದವರು ಹೇಗಿರುತ್ತಾರೆ? ಡಲ್ಲಾಸಿನ ಜೋನಾಥನ್ ಕೊಹೆನ್ ಮತ್ತು ಹೆಲೆನ್ ಹಾಬ್ಸ್ ಅಮೆರಿಕದ ಕರಿಯ ಜನರಲ್ಲಿ ಅಂಥವರನ್ನು ಹುಡುಕಿದರು. ಅವರ ಎಲ್‌ಡಿಎಲ್ ಶೇ. 28 ಕಡಿಮೆಯಿತ್ತು, ಹೃದ್ರೋಗ ಶೇ. 88 ಕಡಿಮೆ. ಈ ಫಲಿತಾಂಶ ಬಂದದ್ದು 2006ರಲ್ಲಿ. ನಿಸರ್ಗವೇ ಮನುಷ್ಯರ ಮೇಲೆ ದಶಕಗಟ್ಟಲೆ ನಡೆಸಿಟ್ಟ ಪರೀಕ್ಷೆಯನ್ನು ಓದಿಕೊಂಡಂತಾಯಿತು, ಒಂದು ಪಂಜರವನ್ನೂ ತೆರೆಯದೆ. ಒಂಬತ್ತೇ ವರ್ಷಗಳಲ್ಲಿ, ಅಂದರೆ 2015ರಲ್ಲಿ, ಪಿಸಿಎಸ್‌ಕೆ9 ತಡೆಯುವ ಎರಡು ಚುಚ್ಚುಮದ್ದುಗಳು ಬಂದವು.

ಹಾಗಾದರೆ ಪಂಜರಗಳನ್ನು ಇನ್ನು ಮುಚ್ಚಬಹುದಲ್ಲ ಎಂದು ಕೇಳುವವರಿಗೆ ಬಲ ತುಂಬುವ ಕಾನೂನುಗಳೂ ಬಂದಿವೆ. ಅಮೆರಿಕ 2022ರ ಕೊನೆಯಲ್ಲಿ ಪ್ರಾಣಿ ಪರೀಕ್ಷೆಯ ಕಡ್ಡಾಯವನ್ನು ಸಡಿಲಿಸಿತು. ಭಾರತ 2023ರಲ್ಲಿ ಹೊಸ ಔಷಧಗಳ ನಿಯಮಗಳಿಗೆ ತಿದ್ದುಪಡಿ ತಂದು, ಮಾನವ ಜೀವಕೋಶಗಳಿಂದ ಬೆಳೆಸಿದ ಪುಟ್ಟ ಅಂಗಗಳು, ‘ಚಿಪ್’ ಎಂಬ ಪುಟ್ಟ ಬಿಲ್ಲೆಯ ಮೇಲಿನ ಅಂಗಾಂಶ, ಕಂಪ್ಯೂಟರ್ ಮಾದರಿಗಳನ್ನೂ ಒಪ್ಪಿತು. ಅನಿಮಲ್ ಹೌಸಿನ ಬಾಗಿಲಲ್ಲಿ ನಿಂತು ಹೇಳುತ್ತೇನೆ, ಇದು ಒಳ್ಳೆಯದೇ. ನೀತಿ ಸಮಿತಿಯ ಅರ್ಜಿಯಲ್ಲಿ ‘ಪರ್ಯಾಯ ಯಾಕಿಲ್ಲ’ ಎಂಬ ಅಂಕಣವನ್ನು ಹಳೆಯ ಅರ್ಜಿಯಿಂದ ನಕಲು ಹೊಡೆದು ತುಂಬುವ ಚಾಳಿಗೆ ಇದರಿಂದ ಪೆಟ್ಟು ಬಿದ್ದರೆ ಸಂತೋಷ. ಕಾಲೇಜುಗಳ ಎಲೆಸಾರದ ಪ್ರಯೋಗಗಳಲ್ಲಿ ಹೆಚ್ಚಿನವು ನಾಳೆಯೇ ನಿಂತರೆ ವಿಜ್ಞಾನಕ್ಕೆ ನಯಾಪೈಸೆಯ ನಷ್ಟವಿಲ್ಲ. ಆದರೆ ಒಂದು ತಟ್ಟೆಯ ಯಕೃತ್ತಿನ ಜೀವಕೋಶಗಳಿಗೆ ಕರುಳಿಲ್ಲ, ರಕ್ತದೊತ್ತಡವಿಲ್ಲ. ಟಾರ್ಸೆಟ್ರಾಪಿಬ್ ಕೊಂದದ್ದು ಯಕೃತ್ತಿನ ದಾರಿಯಿಂದಲ್ಲ.

ಈಗ ನಡೆಯುತ್ತಿರುವುದು ಇನ್ನೂ ಧೈರ್ಯದ ಕೆಲಸ. ವರ್ವ್ ಎಂಬ ಅಮೆರಿಕದ ಕಂಪನಿ ಯಕೃತ್ತಿನಲ್ಲೇ ಪಿಸಿಎಸ್‌ಕೆ9 ಜೀನಿನ ಒಂದು ಅಕ್ಷರವನ್ನು ತಿದ್ದಿ ಅದನ್ನು ಶಾಶ್ವತವಾಗಿ ಸುಮ್ಮನಾಗಿಸಲು ಹೊರಟಿತು. ದಿನದಿನದ ಮಾತ್ರೆಯ ಬದಲು ಜೀವಮಾನಕ್ಕೆ ಒಂದೇ ಚುಚ್ಚುಮದ್ದು. 2021ರಲ್ಲಿ ಪ್ರಕಟವಾದ ಕೋತಿಗಳ ಪ್ರಯೋಗದಲ್ಲಿ ಎಲ್‌ಡಿಎಲ್ ಸುಮಾರು ಶೇ. 60 ಇಳಿದು, ತಿಂಗಳುಗಟ್ಟಲೆ ಅಲ್ಲೇ ನಿಂತಿತು. 2022ರಲ್ಲಿ ನ್ಯೂಜಿಲೆಂಡಿನಲ್ಲಿ ಮೊದಲ ಮನುಷ್ಯನಿಗೆ ಕೊಟ್ಟರು. 2024ರ ಏಪ್ರಿಲ್‌ನಲ್ಲಿ, ಒಬ್ಬ ರೋಗಿಯ ಯಕೃತ್ತಿನ ಕಿಣ್ವಗಳು ಏರಿ ಪ್ಲೇಟ್‌ಲೆಟ್‌ಗಳು ಇಳಿದದ್ದರಿಂದ ಆ ಮೊದಲ ರೂಪವನ್ನು ನಿಲ್ಲಿಸಿದರು. ಸಂಶಯ ಹೋದದ್ದು ಜೀನ್ ತಿದ್ದುವ ಉಪಕರಣದ ಮೇಲಲ್ಲ, ಅದನ್ನು ಹೊತ್ತೊಯ್ಯುವ ಕೊಬ್ಬಿನ ಸೂಕ್ಷ್ಮ ಗುಳ್ಳೆಯ ಮೇಲೆ.

ಆ ಗುಳ್ಳೆಗೆ ಇನ್ನೊಂದು ತೊಡಕೂ ಇತ್ತು. ಅದು ಯಕೃತ್ತಿನೊಳಗೆ ಹೋಗುತ್ತಿದ್ದದ್ದು ಎಲ್‌ಡಿಎಲ್ ರಿಸೆಪ್ಟರ್ ಹಿಡಿದೇ. ಚಿಕಿತ್ಸೆ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ, ಒಸಾಕಾದ ಆ ಯುವತಿಗಿದ್ದಂಥ ಕಾಯಿಲೆಯವರಲ್ಲಿ, ಆ ರಿಸೆಪ್ಟರ್ ಇರುವುದೇ ಇಲ್ಲ ಅಥವಾ ಹೆಸರಿಗಷ್ಟೇ ಇರುತ್ತದೆ. ಹಾಗಾಗಿ ಗುಳ್ಳೆಯ ಮೈಗೆ ಗ್ಯಾಲ್‌ನ್ಯಾಕ್ ಎಂಬ ಸಕ್ಕರೆ ಅಂಟಿಸಿ, ಯಕೃತ್ತಿನ ಬೇರೊಂದು ರಿಸೆಪ್ಟರಿನ ಮೂಲಕ ಒಳಗೆ ಬಿಡುವ ಉಪಾಯ ಹೂಡಿದರು. ಅದನ್ನು ಪರೀಕ್ಷಿಸಲು ಎಲ್‌ಡಿಎಲ್ ರಿಸೆಪ್ಟರ್ ಇಲ್ಲದ ಕೋತಿ ಬೇಕಿತ್ತು. ವಟನಾಬೆಗೆ ಅಂಥ ಮೊಲ ತಾನಾಗಿ ಸಿಕ್ಕಿತ್ತು, ಇವರಿಗೆ ಸಿಗಲಿಲ್ಲ. ಮೊದಲು ಕೋತಿಗಳ ಯಕೃತ್ತಿನಲ್ಲಿ ಆ ರಿಸೆಪ್ಟರಿನ ಜೀನನ್ನು ಕ್ರಿಸ್ಪರ್ ಎಂಬ ಜೀನ್ ಕತ್ತರಿಯಿಂದ ಕೆಡಿಸಿ, ಕಾಯಿಲೆಯನ್ನು ಕೈಯಾರೆ ಕಟ್ಟಿ, ಆಮೇಲೆ ಔಷಧ ಕೊಟ್ಟರು. ಸಕ್ಕರೆ ಅಂಟಿಸಿದ ಗುಳ್ಳೆ ಒಳಹೊಕ್ಕಿತು. ಗುಳ್ಳೆಯ ಕೊಬ್ಬನ್ನೂ ಬದಲಿಸಿ, ಈ ಸಕ್ಕರೆಯನ್ನೂ ಹಚ್ಚಿದ ಎರಡನೆಯ ರೂಪ ಈಗ ಮನುಷ್ಯರ ಪರೀಕ್ಷೆಯಲ್ಲಿದೆ.